ಅತ್ತೆ ನೋಡಿ ಬಂದ ಮನೆ

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಸುಮ್ಮನೆ ಕೂತು ಕೇಳಿಸಿಕೊಳ್ಳುವವಳಲ್ಲ. ನೆಂಟರೊಬ್ಬರು ಗೋಪಾಲಸ್ವಾಮಿ ಬೆಟ್ಟದಲ್ಲಿ ಮಂಜಿನೊಳಗೆ ದಿಕ್ಕು ತಪ್ಪಿದಾಗ ಯಾರೋ ಮುದುಕರು ಬಂದು ದೇವಸ್ಥಾನದ ಮೆಟ್ಟಿಲವರೆಗೆ ಬಿಟ್ಟು ಮಾಯವಾದರೆಂದು ಹೇಳುತ್ತಿದ್ದರು. ಮಂಜು ಅಷ್ಟು ದಟ್ಟವಾಗಿದ್ದರೆ ಅವರು ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋದರೂ ಕಾಣುತ್ತಿರಲಿಲ್ಲವಲ್ಲ ಎಂದು ನಾನು ಕೇಳಿಬಿಟ್ಟೆ. ಕಥೆ ಅಲ್ಲಿಗೇ ಸತ್ತುಹೋಯಿತು. 'ನಿನ್ನ ಮುಂದ ದೆವ್ವಾನೂ ಆಧಾರ್ ಕಾರ್ಡ್ ತಕ್ಕಂಡೇ ಬರ್ಬೇಕು' ಎಂದು ಅಮ್ಮ ಆಮೇಲೆ ಬೈದಳು. ನಾನು ಓದಿದ್ದು ಬೀಜದ ಶಾಸ್ತ್ರ. ಮೊಳಕೆ ಒಡೆದರೆ ಒಡೆಯಿತು, ಇಲ್ಲವಾದರೆ ಇಲ್ಲ. ಬೀಜದ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಕೇಳುವುದಿಲ್ಲ.

ಹಾಗಿರುವಾಗ ಇದನ್ನು ಬರೆಯಲು ಕೂತಿದ್ದು ನನಗೇ ಮುಜುಗರ. ನೀವು ನನ್ನ ಹಾಗೆಯೇ ಅಡ್ಡಪ್ರಶ್ನೆ ಹಾಕುವವರಾದರೆ ಹಾಕಿ. ನಾನೂ ಹಾಕಿಕೊಂಡಿದ್ದೇನೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ನಮ್ಮದು ಗುಂಡ್ಲುಪೇಟೆ. ಅಪ್ಪನದು ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿ. ಅಮ್ಮ ಚಾಮರಾಜನಗರದ ಹೈಸ್ಕೂಲಿನಲ್ಲಿ ಟೀಚರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಆ ದಾರಿಯ ನಡುವೆ ತೆರಕಣಾಂಬಿ. ಅಲ್ಲಿ ಅಪ್ಪನ ಅಕ್ಕ ಪುಟ್ಟಮ್ಮಣ್ಣಿ, ಅಂದರೆ ನನ್ನ ಅತ್ತೆ, ಚಿಕ್ಕಪ್ಪನ ಸಂಸಾರದ ಜೊತೆ ಇದ್ದಾರೆ. ನಾನು ಕೈಗೂಸಾಗಿದ್ದಾಗ ಅಮ್ಮ ಬೆಳಗಿನ ಬಸ್ಸಿನ ಕಿಟಕಿಯಿಂದಲೇ ನನ್ನನ್ನು ಅತ್ತೆಯ ಕೈಗೆ ಕೊಟ್ಟು ಮುಂದೆ ಹೋಗುತ್ತಿದ್ದಳಂತೆ. ಸಂಜೆ ಬರುವ ಬಸ್ಸಿಗೆ ಅತ್ತೆ ನನ್ನ ಮುಖ ತೊಳೆಸಿ, ತಲೆ ಬಾಚಿ, ವಿಭೂತಿ ಇಟ್ಟು, ಅದೇ ಕಿಟಕಿಯೊಳಕ್ಕೆ ವಾಪಸು ಕೊಡುತ್ತಿದ್ದರಂತೆ. ಶಾಲೆಗೆ ಸೇರುವವರೆಗೂ ನನ್ನ ಹಗಲೆಲ್ಲ ಅತ್ತೆಯದು, ರಾತ್ರಿಯಷ್ಟೇ ಅಮ್ಮನದು.

ಅತ್ತೆಗೆ ಮಕ್ಕಳಿಲ್ಲ. ಚಿಕ್ಕ ವಯಸ್ಸಿನಲ್ಲಿ ತಾಳವಾಡಿ ಕಡೆಯ ಯಾವುದೋ ಊರಿಗೆ ಕೊಟ್ಟಿದ್ದರು. ಹುಡುಗನ ಕಡೆಯವರು ನಮ್ಮಲ್ಲಿಗೆ ಬಂದು ನೋಡಿದರೇ ಹೊರತು ನಮ್ಮವರು ಯಾರೂ ಅಲ್ಲಿಗೆ ಹೋಗಿ ಮನೆ ನೋಡಿರಲಿಲ್ಲ. ವರ್ಷ ತುಂಬುವ ಮೊದಲೇ ಅತ್ತೆ ವಾಪಸು ಬಂದರು. ಮತ್ತೆ ಹೋಗಲಿಲ್ಲ. ಆಮೇಲೆ ನಮ್ಮ ಕುಟುಂಬದಲ್ಲಿ ಒಂದು ಕಟ್ಟು ಬಿತ್ತು. ಹೆಣ್ಣು ಕೊಡುವ ಮೊದಲು ಮನೆ ನೋಡಿ ಬರಬೇಕು, ನೋಡುವವರಲ್ಲಿ ಪುಟ್ಟಮ್ಮಣ್ಣಿ ಇರಲೇಬೇಕು.

ಅತ್ತೆ ಮನೆ ನೋಡುವ ರೀತಿಯನ್ನು ನಾನು ಚಿಕ್ಕಂದಿನಲ್ಲಿ ಎರಡು ಮೂರು ಸಲ ಕಣ್ಣಾರೆ ಕಂಡಿದ್ದೇನೆ. ಉಳಿದವರು ಪಡಸಾಲೆಯಲ್ಲಿ ಉಪ್ಪಿಟ್ಟು ಕಾಫಿ ಮುಗಿಸುತ್ತಿರುವಾಗ ಇವರು ಹಿತ್ತಲಿಗೆ ಹೊರಟುಬಿಡುತ್ತಿದ್ದರು. ನಲ್ಲಿ ತಿರುಗಿಸಿ ಬೊಗಸೆಯಲ್ಲಿ ನೀರು ಹಿಡಿದು ಕುಡಿಯುವುದು. ಗೋಡೆಯ ಮೇಲೆ ಅಂಗೈ ಇಟ್ಟು ತೇವ ನೋಡುವುದು. ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ ಎಂದು ಹಾಕಿ ತೆಗೆಯುವುದು. ಕೊನೆಗೆ ಅಡುಗೆಮನೆಗೆ ಹೋಗಿ, ಕುರ್ಚಿ ಕೊಟ್ಟರೂ ಬೇಡವೆಂದು ನೆಲದ ಮೇಲೆ ಕೂತು, ಆ ಮನೆಯ ಹೆಂಗಸರ ಜೊತೆ ಸ್ವಲ್ಪ ಹೊತ್ತು ಇದ್ದು ಬರುವುದು. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಮಾತು. 'ಆಯ್ತದ' ಅಥವಾ 'ಬ್ಯಾಡ'. ಯಾಕೆಂದು ಯಾರೂ ಕೇಳುತ್ತಿರಲಿಲ್ಲ.

ನನಗೆ ನೆದರ್‌ಲ್ಯಾಂಡ್ಸಿನ ಒಂದು ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಾಗ ಮನೆಯಲ್ಲಿ ಎಲ್ಲರಿಗೂ ಖುಷಿ. ಸೀಟು ಸಿಗುವುದಕ್ಕಿಂತ ಅಲ್ಲಿ ಇರಲು ಒಂದು ಕೋಣೆ ಸಿಗುವುದೇ ಕಷ್ಟ ಎಂಬುದು ಆಮೇಲೆ ತಿಳಿಯಿತು. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಜಾಗಕ್ಕೆ ಕಾಯುವವರ ಸಾಲು ಉದ್ದವಿತ್ತು. ಮನೆ ಗೊತ್ತು ಮಾಡಿಕೊಳ್ಳದೆ ಹೋದವರು ತಿಂಗಳುಗಟ್ಟಲೆ ಅವರಿವರ ಹತ್ತಿರ ನೆಲದ ಮೇಲೆ ಮಲಗಿದ ಕಥೆಗಳನ್ನು ಓದಿ ಅಪ್ಪ ಹೆದರಿದ್ದರು. ಹುಡುಕಿ ಹುಡುಕಿ ಕೊನೆಗೆ ಎರಡು ಜಾಗ ಕೈಗೆ ಸಿಗುವ ಹಾಗೆ ಕಂಡವು. ಒಂದು, ರೈಲು ನಿಲ್ದಾಣದ ಪಕ್ಕದ ದೊಡ್ಡ ಕಟ್ಟಡದಲ್ಲಿ ಚಿಕ್ಕ ಕೋಣೆ. ಇನ್ನೊಂದು, ನಾಲ್ಕು ಜನ ಭಾರತದ ಹುಡುಗಿಯರು ಸೇರಿ ಹಿಡಿದಿದ್ದ ಮನೆ. ಅವರಲ್ಲಿ ಸಹನಾ ಎಂಬುವಳು ಮೈಸೂರಿನಲ್ಲಿ ನನ್ನ ಜೊತೆಗೇ ಓದಿದವಳು. ಅಲ್ಲಿಗೆ ಹೋದರೆ ಮಾತಿಗೆ ಕನ್ನಡ, ಊಟಕ್ಕೆ ಸಾರು. ಅಪ್ಪ ಅಮ್ಮ ಇಬ್ಬರಿಗೂ ಇದೇ ಒಪ್ಪಿಗೆಯಾಯಿತು, ನನಗೂ. ಆ ಭಾನುವಾರ ಸಂಜೆಯೊಳಗೆ ಹೂಂ ಎನ್ನುತ್ತೇನೆಂದು ಸಹನಾಗೆ ಹೇಳಿದ್ದೆ.

ಮೂರನೆಯದೂ ಒಂದಿತ್ತು. ಊರಾಚೆ ಯಾರೋ ವಯಸ್ಸಾದ ಹೆಂಗಸಿನ ಮನೆಯ ಮೇಲಿನ ಕೋಣೆ. ಜಾಹೀರಾತಿನಲ್ಲಿ ಇದ್ದದ್ದು ಒಂದೇ ಫೋಟೋ, ಅದೂ ಮುಂಬಾಗಿಲಿನದು, ಮಸುಕು. ಕಾಲೇಜಿಗೆ ಸೈಕಲ್ಲಿನಲ್ಲಿ ಬಹಳ ದೂರ. ನಾನು ನೋಡಿ ಬಿಟ್ಟಿದ್ದೆ, ಬರೆದೂ ಇರಲಿಲ್ಲ. ಅದರ ಬಗ್ಗೆ ಅತ್ತೆಗೆ ಹೇಳಿದ ನೆನಪು ನನಗಿಲ್ಲ. ಅಮ್ಮನೂ ಹೇಳಿಲ್ಲವಂತೆ.

ಆ ಭಾನುವಾರ ನಾವು ಮೂವರೂ ತೆರಕಣಾಂಬಿಗೆ ಹೋದೆವು. ಅತ್ತೆಗೆ ಒಂದು ಮಾತು ಹೇಳಿ, ಕಾಲಿಗೆ ಬಿದ್ದು ಬರುವುದೆಂದು. ಅಪ್ಪ ನಡುಮನೆಯಲ್ಲಿ ಕೂತು ವಿಷಯವೆಲ್ಲ ಹೇಳಿದರು. ಅತ್ತೆ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

'ಮನ ನೋಡ್ದೋರು ಯಾರ್ಲಾ, ಮಾದೇವ?'

'ಅಕ್ಕ, ಅದು ಇಲ್ಲೇ ಬೇಗೂರಾ, ಬಸ್ ಹತ್ತಿ ಓಗಿ ನೋಡ್ಕ ಬರಕ? ವಿಡಿಯೋ ಕಳ್ಸವ್ರೆ, ನೋಡು' ಎಂದು ಅಪ್ಪ ನನ್ನ ಫೋನನ್ನು ಅವರ ಮುಂದೆ ಹಿಡಿದರು. ಸಹನಾ ನಗುತ್ತಾ ಕೋಣೆ ಕೋಣೆ ತೋರಿಸುವ ವಿಡಿಯೋ ಅದು. ಅತ್ತೆ ಪೂರ್ತಿ ನೋಡಿದರು.

'ಇದ ನೋಡದು ಗಂಡಿನ ಪೋಟ ನೋಡಿ ಮದುವ ಮಾಡ್ದಂಗ ಕಣ್ಲಾ. ಪೋಟದಲ್ಲಿ ಎಲ್ರೂ ನಗ್ತಲೇ ಇರ್ತಾರ.'

'ಅಕ್ಕ, ಮದ್ವಲ್ಲ ಇದು, ಓದಕ ಓಯ್ತಾವಳ.'

'ಹೆಣ್ಣ ಒಂದ್ಮನಗ ಕಳುಸ್ತಿದ್ದೀಯಲ್ಲ, ಯಾತಕ್ಕಾದ್ರೂ ಆಗ್ಲಿ. ನೋಡ್ದೆ ಎಂಗ್ಲಾ ಕಳುಸ್ತೀಯ?'

ಅತ್ತೆ ಜೋರಾಗಿ ಹೇಳಲಿಲ್ಲ. ಆದರೆ ಅಪ್ಪನ ಮುಖ ಇಳಿದುಹೋಯಿತು. ಯಾರೂ ನೋಡಿರದ ಮನೆಗೆ ಅಕ್ಕನನ್ನು ಕಳಿಸಿದ್ದನ್ನು ಚಿಕ್ಕ ಹುಡುಗನಾಗಿದ್ದಾಗ ಕಂಡವರು ಅಪ್ಪ. ಅತ್ತೆಯೇ ಎದ್ದು ಎಲ್ಲರಿಗೂ ಊಟಕ್ಕೆ ಬಡಿಸಿದರು. ಮುದ್ದೆ, ಬಸ್ಸಾರು. ನನಗೆ ಊಟ ಸೇರಲಿಲ್ಲ. ಅತ್ತೆ ಬೇಡವೆಂದರೆ ಅಪ್ಪ ಕಳಿಸುವುದಿಲ್ಲವೆಂದಲ್ಲ, ಕಳಿಸುತ್ತಾರೆ. ಆದರೆ ಅತ್ತೆ ಮನಸ್ಸಿಲ್ಲದೆ ಕಳಿಸಿದ ಮನೆಯಲ್ಲಿ ನಾನು ಹೇಗಿರಲಿ? ಆ ವಯಸ್ಸಿನಲ್ಲೂ ತೆರಕಣಾಂಬಿಗೆ ಹೋದಾಗಲೆಲ್ಲ ಅವರ ಸೆರಗು ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದವಳು ನಾನು.

ಊಟವಾದ ಮೇಲೆ ಅಪ್ಪ ಚಿಕ್ಕಪ್ಪನ ಜೊತೆ ಚೆಂಡುಹೂವಿನ ಹೊಲದ ಕಡೆ ಹೋದರು. ಅತ್ತೆ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದರು. ಅದೇ ನನಗೆ ಆಶ್ಚರ್ಯ. ಹಗಲು ಮಲಗಿದರೆ ಮನೆಗೆ ದರಿದ್ರ ಎಂದು ನಂಬಿದವರು ಅವರು. ಜ್ವರ ಬಂದಾಗಲೂ ಗೋಡೆಗೆ ಒರಗಿ ಕೂತಿರುತ್ತಿದ್ದರೇ ಹೊರತು ಮಲಗುತ್ತಿರಲಿಲ್ಲ. ನಾನೂ ಪಕ್ಕದಲ್ಲಿ ಹೋಗಿ ಮಲಗಿದೆ. ಬೇಸಿಗೆ. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು, ಒಳಗೆ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು.

ನನಗೆ ನಿದ್ದೆ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅತ್ತೆಯ ಕಡೆ ಹೊರಳಿದಾಗ ಏನೋ ಸರಿಯಿಲ್ಲ ಅನಿಸಿತು. ಅತ್ತೆ ಮಲಗಿದರೆ ಸಣ್ಣಗೆ ಗೊರಕೆ ಹೊಡೆಯುತ್ತಾರೆ. ಆವತ್ತು ಸದ್ದೇ ಇಲ್ಲ. ಎದೆ ಏಳುತ್ತಿದೆಯೇ ಎಂದು ಬಗ್ಗಿ ನೋಡಬೇಕಾಯಿತು. ಏಳುತ್ತಿತ್ತು, ಆದರೆ ಬಹಳ ನಿಧಾನ. ಕೈ ಮುಟ್ಟಿದೆ. ತಣ್ಣಗಿತ್ತು. ಕಾಲು ಮುಟ್ಟಿದೆ. ಅದು ಇನ್ನೂ ತಣ್ಣಗೆ, ಪಾದ ಒದ್ದೆ ಒದ್ದೆ. ಊಟವಾದ ಮೇಲೆ ಕಾಲು ತೊಳೆದು ಬಂದಿದ್ದರೇನೋ. ಆದರೆ ಆ ಸೆಕೆಗೆ ನೀರು ಯಾವಾಗಲೋ ಆರಬೇಕಿತ್ತು. 'ಅತ್ತೆ' ಎಂದೆ. ಏಳಲಿಲ್ಲ. ಭುಜ ಅಲುಗಿಸಿದೆ. ಆಗಲೂ ಏಳಲಿಲ್ಲ. ಹೆದರಿ ಅಮ್ಮನನ್ನು ಕೂಗಿದೆ. ಅಮ್ಮ ಬಂದು ಹಣೆ ಮುಟ್ಟಿ, ಮೂಗಿನ ಹತ್ತಿರ ಬೆರಳು ಹಿಡಿದು, 'ದಣಿದವರೆ, ಮಲೀಕಳ್ಳಿ ಬುಡು' ಎಂದಳು. ಹಾಗೆಂದಳೇ ಹೊರತು ಅವಳೂ ಅಲ್ಲಿಂದ ಕದಲಲಿಲ್ಲ. ನಾವಿಬ್ಬರೂ ಅತ್ತೆಯ ಎರಡು ಕಡೆ ಕೂತೆವು. ನಾನು ಅವರ ಪಾದವನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಉಜ್ಜುತ್ತಿದ್ದೆ.

ಎಷ್ಟು ಹೊತ್ತೋ ಆದ ಮೇಲೆ ಅತ್ತೆ ತಾವಾಗಿ ಕಣ್ಣು ಬಿಟ್ಟರು. ಸುಮ್ಮನೆ ತೊಲೆ ನೋಡುತ್ತಾ ಮಲಗಿದ್ದರು. ಆಮೇಲೆ ಎದ್ದು ಕೂತು, 'ಚಳಿ ಆಯ್ತದ, ಹೊದ್ಯಕ್ಕ ಏನಾರ ಕೊಡಮ್ಮಿ' ಎಂದರು. ಆ ಬಿಸಿಲಲ್ಲಿ ಅಮ್ಮ ದುಪ್ಪಟಿ ತಂದು ಹೊದಿಸಿದಳು. ಕಾಫಿ ಬಿಸಿ ಮಾಡಿ ಕೊಟ್ಟಳು. ಅತ್ತೆ ಲೋಟವನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದುಕೊಂಡು ಕುಡಿದರು. ಆಮೇಲೆ ನನ್ನನ್ನು ನೋಡಿ ಹೇಳಿದರು.

'ಆ ಹುಡ್ಗೀರ ಮನ ಬ್ಯಾಡ ಕಣಮ್ಮಿ. ಒಳ್ಳೆವೇ, ತಪ್ಪಲ್ಲ. ಆದ್ರೂ ಬ್ಯಾಡ. ಆ ಹೆಂಗ್ಸಿನ ಮನಗ ಓಗು.'

'ಯಾವ ಹೆಂಗಸು ಅತ್ತೆ?'

'ಒಬ್ಳೇ ಇರ್ತಾಳಲ್ಲ, ಮಂಡಿ ನೋವಿನೋಳು. ಮನ ಹಿಂದ ನೀರು ಅದ, ಕಾಲ್ವ ತರಕ್ಕ. ಮೆಟ್ಲು ಮಾತ್ರ ನಮ್ಮ ಅಟ್ಟದ ಏಣಿಗಿಂತ ಕಡ್ದು, ಹುಷಾರಾಗಿ ಹತ್ಬೇಕು. ಗೋಡ ಒಣುಗದ. ನೀರು ಚೆಂದಾಗದ. ಬಾಗುಲ್ಗ ಒಳಗಿಂದ ಚಿಲ್ಕ ಅದ.' ಸ್ವಲ್ಪ ತಡೆದು, 'ಅನ್ನ ಸಾರು ಮಾಡಲ್ಲ, ಬರೀ ಬ್ರೆಡ್ಡು. ಅದೊಂದ ನೀನು ನೋಡ್ಕೊ' ಎಂದರು.

ಅಮ್ಮ ನನ್ನ ಮುಖ ನೋಡಿದಳು, ನಾನು ಅಮ್ಮನ ಮುಖ ನೋಡಿದೆ. ಹೊಲದಿಂದ ಬಂದ ಅಪ್ಪನಿಗೆ ಹೇಳಿದಾಗ, 'ಮನೆ ಮನೆ ಅಂತ್ಲೇ ಮಲಗಿದ್ಲು, ಕನಸು ಬಿತ್ತು' ಎಂದರು. ನಾನೂ ಅದನ್ನೇ ಅಂದುಕೊಂಡೆ. ಆದರೂ ಗುಂಡ್ಲುಪೇಟೆಗೆ ವಾಪಸು ಹೋಗುವ ಬಸ್ಸಿನಲ್ಲಿ ಫೋನು ತೆಗೆದು ಆ ಮೂರನೆಯ ಜಾಹೀರಾತನ್ನು ಹುಡುಕಿದೆ. ಇನ್ನೂ ಇತ್ತು. ಎರಡು ಸಾಲು ಬರೆದು ಕಳಿಸಿದೆ. ನಂಬಿಕೆಯಿಂದ ಬರೆದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಅತ್ತೆ ಹೇಳಿದ ಮನೆ ಸಿಗಲಿಲ್ಲ ಎಂದು ಆಮೇಲೆ ಹೇಳಲು ಒಂದು ಆಧಾರ ಬೇಕಾಗಿತ್ತು. ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಇಳಿಯುವಷ್ಟರಲ್ಲಿ ಉತ್ತರ ಬಂದಿತ್ತು. 'ಕೋಣೆ ನಿನ್ನದೇ. ಯಾವಾಗ ಬರುತ್ತೀಯ ತಿಳಿಸು.' ನನ್ನ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಕೆಳಗೆ ಹೆಸರು, ಅನ್ನೆಕೆ.

ಅತ್ತೆಯ ಮಾತು ಮೀರಲಾಗದೆ ನಾನು ಅದಕ್ಕೇ ಹೂಂ ಎಂದೆ. ಸಹನಾಗೆ ಬೇಸರವಾಯಿತು. ಅಪ್ಪ ಎರಡು ದಿನ ಮಾತಾಡಲಿಲ್ಲ. ಅತ್ತೆ ಮಾತ್ರ ಹುರಿಹಿಟ್ಟು, ಚಟ್ನಿಪುಡಿ, ಒಣಗಿಸಿದ ಅರಿಶಿನದ ಕೊಂಬು ಎಲ್ಲ ಕಟ್ಟಿಕೊಡಲು ಶುರು ಮಾಡಿದರು.

ಆ ದೇಶಕ್ಕೆ ನಾನು ಇಳಿದಾಗ ಅಲ್ಲಿ ಬೇಸಿಗೆ ಮುಗಿಯುತ್ತಿತ್ತು. ಅನ್ನೆಕೆಯ ಮನೆಯ ಮುಂದೆ ನಿಂತು ಕರೆಗಂಟೆ ಒತ್ತಿದೆ. ಬಾಗಿಲು ತೆರೆದವರಿಗೆ ಎಪ್ಪತ್ತು ದಾಟಿರಬೇಕು. ಎತ್ತರದ ಹೆಂಗಸು, ಒಂದು ಕಾಲನ್ನು ಎಳೆದು ನಡೆಯುತ್ತಿದ್ದರು. ಒಳಗೆ ಕಾಲಿಟ್ಟರೆ ಎದುರಿಗೇ ಮೆಟ್ಟಿಲು, ಏಣಿಯಂತೆ ನೆಟ್ಟಗೆ. ಹಿಂದಿನ ಕಿಟಕಿಯಲ್ಲಿ ಕಾಲುವೆ, ಅದರಲ್ಲಿ ಬಾತುಗಳು. ನಾನು ನನಗೇ ಸಮಾಧಾನ ಹೇಳಿಕೊಂಡೆ. ಇದು ಕಾಲುವೆಗಳ ದೇಶ. ಇಲ್ಲಿಯ ಹಳೆಯ ಮನೆಗಳ ಮೆಟ್ಟಿಲೆಲ್ಲ ಹೀಗೇ. ವಯಸ್ಸಾದವರಿಗೆ ಮಂಡಿ ನೋವು ಎಲ್ಲಿಲ್ಲ? ಹಾಗಂತ ಹೇಳಿಕೊಂಡೇ ಮೇಲೆ ಹೋಗಿ ಕೋಣೆಯ ಬಾಗಿಲು ಹಾಕಿದೆ. ಒಳಗಿನಿಂದ ಚಿಲಕ ಇತ್ತು. ಹಾಕಿ, ತೆಗೆದು, ಮತ್ತೆ ಹಾಕಿದೆ.

ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಇಬ್ಬರೂ ಕೂತು ಬ್ರೆಡ್ಡು ಸೂಪು ತಿನ್ನುತ್ತಿದ್ದಾಗ ಅನ್ನೆಕೆ ಬಹಳ ಸಹಜವಾಗಿ ಕೇಳಿದರು.

'ನಿನ್ನ ಮನೆಯ ಆ ಹೆಂಗಸು ಚೆನ್ನಾಗಿದ್ದಾರಾ? ಆವತ್ತು ಬರಿಗಾಲಿನಲ್ಲಿ ಹೋದರು. ನೆಗಡಿ ಗಿಗಡಿ ಆಗಲಿಲ್ಲ ತಾನೇ?'

ಯಾರ ವಿಷಯ ಎಂದು ನನಗೆ ತಿಳಿಯಲಿಲ್ಲ. ಕೇಳಿದೆ.

'ವಸಂತದಲ್ಲಿ ಕೋಣೆ ನೋಡಲು ಬಂದಿದ್ದರಲ್ಲ, ಅವರು.'

ಆಮೇಲೆ ಅವರು ಹೇಳಿದ್ದನ್ನು ನನಗೆ ನೆನಪಿರುವ ಮಟ್ಟಿಗೆ ಬರೆಯುತ್ತೇನೆ. ಅದು ಭಾನುವಾರದ ಬೆಳಿಗ್ಗೆ. ಮಳೆ ಬಂದು ನಿಂತಿತ್ತು. ಹಿಂದಿನ ಬಾಗಿಲು ತೆರೆದಾಗ ಹುಲ್ಲಿನ ಮೇಲೆ ಸೀರೆ ಉಟ್ಟ ವಯಸ್ಸಾದ ಹೆಂಗಸೊಬ್ಬರು ನಿಂತಿದ್ದರಂತೆ. ಆ ದೇಶದಲ್ಲಿ ಡಚ್ಚರ ಹಳೆಯ ವಸಾಹತಾದ ಸುರಿನಾಮಿನಿಂದ ಬಂದು ನೆಲೆಸಿದ ಭಾರತ ಮೂಲದವರು ಬಹಳ ಮಂದಿ ಇದ್ದಾರೆ. ಕೋಣೆ ಬೇಕಾದ ಯಾವುದೋ ಹುಡುಗಿಯ ಅಜ್ಜಿ ಇರಬೇಕೆಂದುಕೊಂಡು ಅನ್ನೆಕೆ ಒಳಗೆ ಕರೆದರು. ಅವರಿಗೆ ಇವರ ಮಾತು ಬಾರದು, ಇವರಿಗೆ ಅವರದು. ಬಂದವರು ಗೋಡೆಗೆ ಅಂಗೈ ಇಟ್ಟು ನೋಡಿದರು. ಎರಡೂ ಕಡೆ ಹಿಡಿದುಕೊಂಡು ನಿಧಾನವಾಗಿ ಮೆಟ್ಟಿಲು ಹತ್ತಿ ಕೋಣೆ ನೋಡಿದರು. ಬಾಗಿಲ ಚಿಲಕ ಹಾಕಿ ತೆಗೆದರು. ಕೆಳಗೆ ಬಂದು ನಲ್ಲಿ ತೋರಿಸಿ ಏನೋ ಕೇಳಿದರು.

'ಏನು ಕೇಳಿದರು?' ಎಂದೆ.

ಅನ್ನೆಕೆ ನೆನಪು ಮಾಡಿಕೊಂಡರು. ಆಮೇಲೆ, ತಮಗೆ ಅರ್ಥವಾಗದ ಪದವನ್ನು ಹುಷಾರಾಗಿ ಹೇಳುವವರ ಹಾಗೆ ಹೇಳಿದರು. 'ನೀರು.'

ಚಮಚ ನನ್ನ ಕೈಯಲ್ಲೇ ಉಳಿಯಿತು. ಅನ್ನೆಕೆ ತಮ್ಮ ಪಾಡಿಗೆ ಮುಂದುವರಿಸಿದರು. ಬಂದವರು ಬೊಗಸೆಯಲ್ಲಿ ನೀರು ಕುಡಿದು, ಕುರ್ಚಿ ಎಳೆದುಕೊಟ್ಟರೂ ನೆಲದ ಮೇಲೆ ಕೂತರಂತೆ. ಗಂಡ ತೀರಿಕೊಂಡ ಮೇಲೆ ಮನೆ ಮಾರಿ ವೃದ್ಧಾಶ್ರಮಕ್ಕೆ ಹೋಗುವುದೋ ಬೇಡವೋ ಎಂದು ಅನ್ನೆಕೆ ತೀರ್ಮಾನಿಸಲಾಗದೆ ಒದ್ದಾಡುತ್ತಿದ್ದ ದಿನಗಳವು. ಕೋಣೆಯ ಜಾಹೀರಾತು ಕೊಟ್ಟು ಬಹಳ ದಿನವಾಗಿತ್ತು, ಇಷ್ಟು ದೂರ ಯಾರೂ ಬರುವುದಿಲ್ಲವೆಂದು ಮಾರನೆಯ ದಿನ ತೆಗೆಸುವವರಿದ್ದರು. 'ಅವರು ನೆಲದ ಮೇಲೆ ಕೂತು ನನ್ನ ಮುಖ ನೋಡುತ್ತಿದ್ದರು. ನನಗೆ ಏನಾಯಿತೋ, ಎಲ್ಲ ಹೇಳಿಬಿಟ್ಟೆ. ನನ್ನ ಮಗಳಿಗೂ ಹೇಳದ್ದನ್ನು ಹೇಳಿದೆ. ಅವರಿಗೆ ಒಂದು ಅಕ್ಷರವೂ ಅರ್ಥವಾಗಿರಲಿಕ್ಕಿಲ್ಲ. ನನ್ನ ಮಂಡಿಯ ಮೇಲೆ ಕೈ ಇಟ್ಟುಕೊಂಡು ಕೇಳುತ್ತಿದ್ದರು.' ಅವರ ಬರಿಗಾಲು ನೋಡಿ ಅನ್ನೆಕೆ ತಮ್ಮ ಉಣ್ಣೆಯ ಕಾಲುಚೀಲ ತರಲು ಒಳಗೆ ಹೋದರಂತೆ. ಬರುವಷ್ಟರಲ್ಲಿ ಅವರಿರಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಈಮೇಲು ಬಂತು. ಇವಳ ಮನೆಯವರೇ ಬಂದು ನೋಡಿ ಹೋದದ್ದು ಎಂದು ಅವರು ಎರಡನೆಯ ಯೋಚನೆ ಮಾಡದೆ ಕೋಣೆ ಕೊಟ್ಟಿದ್ದರು.

ನಾನು 'ಚೆನ್ನಾಗಿದ್ದಾರೆ' ಎಂದಷ್ಟೇ ಹೇಳಿ ಮೇಲೆ ಹೋಗಿ, ಹಾಸಿಗೆಯ ಮೇಲೆ ಕೂತು ಅತ್ತುಬಿಟ್ಟೆ. ಹೆದರಿಕೆಯಿಂದಲ್ಲ. ನನ್ನನ್ನು ಕಳಿಸುವ ಮೊದಲು ಒಬ್ಬರು ಈ ಗೋಡೆ ಮುಟ್ಟಿ ನೋಡಿದ್ದಾರೆ ಎಂಬ ಯೋಚನೆಗೆ ಅಳು ಬಂತು.

ಅಳು ನಿಂತ ಮೇಲೆ ನನ್ನ ಹಳೆಯ ಬುದ್ಧಿ ಎದ್ದು ಕೂತಿತು. ಸಹನಾಗೆ ಹೇಳಿದೆ. ಅವಳು ಹೇಳಿದ್ದು ತೂಕದ ಮಾತೇ. ಸುರಿನಾಮಿನ ಕಡೆಯ ಯಾವುದೋ ಮುದುಕಿ ಮನೆ ತಪ್ಪಿ ಬಂದಿರಬಹುದು. ಅವರಾಡುವುದು ಹಿಂದಿಯ ಹತ್ತಿರದ ಭಾಷೆ, ಅಲ್ಲಿಯೂ ನೀರಿಗೆ 'ನೀರ್' ಎಂಬ ಮಾತು ಇರಬಹುದು. ಗೋಡೆ ಮುಟ್ಟಿ ನೋಡುವ, ನೆಲದ ಮೇಲೆ ಕೂರುವ ಮುದುಕಿಯರು ನಮ್ಮ ತೆರಕಣಾಂಬಿಯಲ್ಲಿ ಮಾತ್ರ ಇದ್ದಾರೆಯೇ? ಹೌದು ಎಂದು ಒಪ್ಪಿದೆ. ಅತ್ತೆಯ ಫೋಟೋ ತೋರಿಸಿ ಅನ್ನೆಕೆಯನ್ನು ಕೇಳಿದರೆ ಮುಗಿಯಿತಲ್ಲ ಎಂದಳು. ಅದೂ ಸರಿ. ಆದರೆ ಫೋಟೋ ತೋರಿಸಲು ನನಗೆ ಧೈರ್ಯವಾಗಲಿಲ್ಲ. ಅಲ್ಲವೆಂದರೂ ಕಷ್ಟ, ಹೌದೆಂದರೂ ಕಷ್ಟ. ಅದನ್ನು ಮುಂದಕ್ಕೆ ಹಾಕುತ್ತಲೇ ಹೋದೆ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಸಹನಾಳ ಮನೆಯಲ್ಲಿ ಯಾವ ಅನಾಹುತವೂ ಆಗಲಿಲ್ಲ. ಆ ಹುಡುಗಿಯರು ಎರಡು ವರ್ಷ ಅಲ್ಲಿ ನಗುನಗುತ್ತಾ ಇದ್ದರು. ನಾನೇ ಎಷ್ಟೋ ಸಲ ಸಾರಿನ ಆಸೆಗೆ ಅಲ್ಲಿಗೆ ಹೋಗಿದ್ದೇನೆ. ಅತ್ತೆ ನನ್ನನ್ನು ಯಾವ ಕೇಡಿನಿಂದಲೂ ತಪ್ಪಿಸಲಿಲ್ಲ. ನನಗೆ ಆದದ್ದು ಇಷ್ಟೇ. ಮೊದಲ ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟಿದ ರಸ್ತೆಯಲ್ಲಿ ಸೈಕಲ್ಲಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಅದು ಯಾವ ಮನೆಯಲ್ಲಿದ್ದರೂ ಮುರಿಯುತ್ತಿತ್ತು. ಬ್ಯಾಂಡೇಜು ಹಾಕಿದ್ದಷ್ಟು ದಿನವೂ ಬೆಳಿಗ್ಗೆ ಅನ್ನೆಕೆ ನನ್ನನ್ನು ಅಡುಗೆಮನೆಯ ಕಿಟಕಿಯ ಹತ್ತಿರ ಕೂರಿಸಿ, ಊರಿನಿಂದ ತಂದ ಕೊಬ್ಬರಿ ಎಣ್ಣೆಯನ್ನು ಬೆಚ್ಚಗೆ ಮಾಡಿ ತಲೆಗೆ ಹಚ್ಚಿ ಜಡೆ ಹೆಣೆಯುತ್ತಿದ್ದರು. ಅವರ ಮಗಳು ಚಿಕ್ಕಂದಿನಲ್ಲೇ ಜಡೆ ಕತ್ತರಿಸಿಕೊಂಡಿದ್ದಳಂತೆ. 'ಕೈಗೆ ಮರೆತುಹೋಗಿದೆ ಅಂದುಕೊಂಡಿದ್ದೆ' ಎನ್ನುತ್ತಿದ್ದರು. ಮನೆ ಮಾರುವ ಮಾತನ್ನು ಅವರು ಆಮೇಲೆ ಎತ್ತಲೇ ಇಲ್ಲ.

ಕೈ ಮುರಿದ ಸುದ್ದಿಗೆ ಅತ್ತೆ ಗಾಬರಿಯಾಗಿ ವಿಡಿಯೋ ಕಾಲ್ ಮಾಡಿಸಿದರು. ನಾನು ಏನೂ ತಯಾರಿ ಮಾಡಿಕೊಂಡಿರಲಿಲ್ಲ. ಅನ್ನೆಕೆ ನನ್ನ ಜಡೆ ಹಾಕುತ್ತಾ ಹಿಂದೆ ನಿಂತಿದ್ದರು. ಪರದೆಯ ಮೇಲೆ ಅತ್ತೆಯ ಮುಖ ಬಂತು. ನಾನು ಇಬ್ಬರನ್ನೂ ನೋಡಿದೆ. ಯಾರೂ ಚಕಿತರಾಗಲಿಲ್ಲ. ಅನ್ನೆಕೆ ಕೈಯಲ್ಲಿನ ಬಾಚಣಿಗೆಯನ್ನು ಎತ್ತಿ ತೋರಿಸಿ ನಕ್ಕರು. ಅತ್ತೆ, ದಿನಾ ಕಾಣುವ ಪಕ್ಕದ ಮನೆಯವರನ್ನು ಕೇಳುವ ಹಾಗೆ, 'ಮಂಡಿ ಎಂಗದವ್ವ ಈಗ?' ಎಂದರು. ನಾನು ಅದನ್ನು ಇಂಗ್ಲಿಷಿಗೆ ಹೇಳುವ ಮೊದಲೇ ಅನ್ನೆಕೆ ಮಂಡಿ ತಟ್ಟಿಕೊಂಡು ತಮ್ಮ ಭಾಷೆಯಲ್ಲಿ ಏನೋ ಉತ್ತರ ಕೊಟ್ಟರು. 'ಅದೇ ಅಲ್ವಾ, ಚಳಿಗ ಜಾಸ್ತಿ ಆಯ್ತದ' ಎಂದರು ಅತ್ತೆ.

ಅಲ್ಲಿಂದ ಮುಂದೆ ಭಾನುವಾರಗಳು ಅವರಿಬ್ಬರದಾದವು. ನಾನು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಎದ್ದು ಹೋಗುತ್ತಿದ್ದೆ. ಒಬ್ಬರದು ತೆರಕಣಾಂಬಿಯ ಕನ್ನಡ, ಇನ್ನೊಬ್ಬರದು ಡಚ್ಚು. ಅತ್ತೆ ಅವರನ್ನು 'ಅನ್ನಕ್ಕ' ಎಂದು ಕರೆಯುತ್ತಿದ್ದರು. ಒಂದು ಸಲ ಪಾತ್ರೆ ತೊಳೆಯುತ್ತಿದ್ದಾಗ ಅತ್ತೆಯ ದನಿ ಸಣ್ಣಗಾದದ್ದು ಕೇಳಿಸಿತು. ತಾಳವಾಡಿ ಕಡೆಯ ಆ ಮನೆಯ ಮಾತು. ನಮ್ಮಲ್ಲಿ ಯಾರಿಗೂ, ಅಪ್ಪನಿಗೂ ಹೇಳದ್ದು. ಅನ್ನೆಕೆ ಪರದೆಯ ಹತ್ತಿರಕ್ಕೆ ಬಾಗಿ ಕೇಳುತ್ತಿದ್ದರು, ನಡುನಡುವೆ ತಲೆಯಾಡಿಸುತ್ತಿದ್ದರು. ನಾನು ನಲ್ಲಿಯನ್ನು ಜೋರಾಗಿ ತಿರುಗಿಸಿದೆ. ಅದು ನನಗೆ ಹೇಳುತ್ತಿದ್ದ ಮಾತಲ್ಲ.

ಓದು ಮುಗಿಸಿ ಬಂದು ಈಗ ಕೆಲವು ವರ್ಷಗಳಾದವು. ಅಪ್ಪನ ಅಂಗಡಿಯ ಹಿಂದೆಯೇ ಬೀಜ ಪರೀಕ್ಷೆಯ ಒಂದು ಚಿಕ್ಕ ಕೋಣೆ ಮಾಡಿಕೊಂಡಿದ್ದೇನೆ. ಅತ್ತೆ ತೆರಕಣಾಂಬಿಯಲ್ಲೇ ಇದ್ದಾರೆ, ಅನ್ನೆಕೆ ಆ ಕಾಲುವೆಯ ಪಕ್ಕದಲ್ಲೇ. ಅಪ್ಪನ ಪ್ರಕಾರ ಅದು ಕನಸು, ಕಾಕತಾಳೀಯ, ಸುರಿನಾಮಿನ ಮುದುಕಿ. ಅಮ್ಮ ಮಾತ್ರ ಆವತ್ತು ಆ ಪಾದ ತಣ್ಣಗಿದ್ದದ್ದನ್ನು ಕಂಡವಳಾದ್ದರಿಂದ ಬಾಯಿ ಬಿಡುವುದಿಲ್ಲ. ನಾನು ಎರಡೂ ಕಡೆ ವಾದ ಮಾಡಬಲ್ಲೆ, ಯಾವ ಕಡೆಯೂ ನಿಲ್ಲಲಾರೆ.

ಇತ್ತೀಚೆಗೆ ಒಂದು ದಿನ ಅತ್ತೆಯ ಜೊತೆ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಕೇಳಬಾರದೆಂದು ಇಷ್ಟು ವರ್ಷ ತಡೆದುಕೊಂಡಿದ್ದೆ. ಆವತ್ತು ಕೇಳಿಬಿಟ್ಟೆ.

'ಅತ್ತೆ, ನೀವು ಆವತ್ತು ನಿಜವಾಗ್ಲೂ ಹೋಗಿದ್ರಾ?'

ಅತ್ತೆ ಸುಲಿಯುವುದನ್ನು ನಿಲ್ಲಿಸಲಿಲ್ಲ. ಮರೆತ ಊರಿನ ಹೆಸರನ್ನು ನೆನಪು ಮಾಡಿಕೊಳ್ಳುವವರ ಹಾಗಿತ್ತು ಅವರ ಮುಖ. ನನ್ನಷ್ಟೇ ಅವರಿಗೂ ಅದು ಅರ್ಥವಾಗಿಲ್ಲವೆಂದು ನನಗೆ ಆಗಲೇ ಹೊಳೆದದ್ದು.

'ಮನ ಗ್ಯಾಪಕ ಅದ ಕಣಮ್ಮಿ' ಎಂದರು ಕೊನೆಗೆ. 'ದಾರಿ ಗ್ಯಾಪಕಿಲ್ಲ.'